ನಾಲ್ಕು ವರ್ಷದ ಬಳಕೆಯ ನಂತರ: ಬುಡೆಸೊನೈಡ್–ಫಾರ್ಮೊಟೆರಾಲ್ 200/6 ಇನ್ಹೇಲರ್

ದಾವಣಗೆರೆಯಲ್ಲಿರುವ ನನಗೆ ಉಬ್ಬಸ ಹೈಸ್ಕೂಲಿನ ಕಾಲದಿಂದಲೂ ಇದೆ. ನಾಲ್ಕು ವರ್ಷಗಳ ಹಿಂದಿನವರೆಗೆ ಜೇಬಿನಲ್ಲಿರುತ್ತಿದ್ದುದು ಸಾಲ್ಬುಟಮಾಲ್‌ನ ನೀಲಿ ಇನ್ಹೇಲರ್. ದಿನವೂ ತೆಗೆದುಕೊಳ್ಳಬೇಕಿದ್ದ ಸ್ಟೀರಾಯ್ಡ್ ಇನ್ಹೇಲರ್ ಬೀರುವಿನಲ್ಲೇ ಉಳಿಯುತ್ತಿತ್ತು. ನೀಲಿಯದು ಎಳೆದ ಸ್ವಲ್ಪ ಹೊತ್ತಿಗೆ ಎದೆ ಹಗುರಾಗುತ್ತಿದ್ದುದರಿಂದ ಇನ್ನೊಂದರ ನೆನಪೇ ಆಗುತ್ತಿರಲಿಲ್ಲ. ಆದರೆ ಅದು ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಊತವನ್ನು ಇಳಿಸುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬಾರದೆಂದು ಆಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿತ್ತು. ನನಗೆ ತಿಳಿದದ್ದು ಒಂದು ರಾತ್ರಿ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹಾಕಿಸಿಕೊಂಡು ಬಂದ ಮೇಲೆ.

ಈಗಿನ ಇನ್ಹೇಲರಿನಲ್ಲಿ ಎರಡು ಔಷಧಗಳಿವೆ: ಊತ ಇಳಿಸುವ ಸ್ಟೀರಾಯ್ಡ್ ಬುಡೆಸೊನೈಡ್ 200 ಮೈಕ್ರೋಗ್ರಾಂ, ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ 6 ಮೈಕ್ರೋಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು ಪಫ್. ನಡುವೆ ಉಸಿರು ಕಟ್ಟಿದರೆ ಅದರಿಂದಲೇ ಮತ್ತೊಂದು. ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸಿ ಸುಮಾರು 12 ಗಂಟೆ ಉಳಿಯುವುದರಿಂದ ಇದು ಸಾಧ್ಯವಾಗಿದೆ. ನನ್ನಂಥ ಸೋಮಾರಿಗೆ ಇದರಿಂದಾದ ದೊಡ್ಡ ಅನುಕೂಲವೆಂದರೆ, ಉಬ್ಬಸ ಹೆಚ್ಚಿದ ದಿನ ಕೇಳದೆಯೇ ಸ್ಟೀರಾಯ್ಡ್ ಕೂಡ ಹೆಚ್ಚು ಸೇರುತ್ತದೆ. ಕಳೆದ ದೀಪಾವಳಿಗೆ ಅಟ್ಟದಿಂದ ಹಳೆಯ ಟ್ರಂಕು ಇಳಿಸಿದಾಗ ಧೂಳು ಮುಖಕ್ಕೇ ಸುರಿದು ಎದೆಯಲ್ಲಿ ಸಿಳ್ಳೆ ಶುರುವಾಯಿತು. ಏಣಿಯ ಮೆಟ್ಟಿಲ ಮೇಲೇ ಕುಳಿತು ಒಂದು ಪಫ್ ಎಳೆದೆ, ಕಾಫಿ ಬಸಿಯುವಷ್ಟರಲ್ಲಿ ಮಾತು ತಡೆಯಿಲ್ಲದೆ ಬಂತು. ಮೆಕ್ಕೆಜೋಳ ಒಕ್ಕುವ ತಿಂಗಳುಗಳಲ್ಲಿ ಮಾತ್ರ ಹೆಚ್ಚುವರಿ ಪಫ್ ಆಗಾಗ ಬೇಕಾಗುತ್ತದೆ.

ಒಮ್ಮೆ ಔಷಧ ಅಂಗಡಿಯಲ್ಲಿ, "ಸ್ಟಾಕ್ ಇಲ್ಲ ಸರ್, ಇದೂ ಅದೇ ಥರದ್ದು" ಎಂದು ಸಾಲ್ಮೆಟೆರಾಲ್ ಇರುವ ಇನ್ಹೇಲರ್ ಕೊಟ್ಟರು. ಅದೂ ಜೋಡಿ ಔಷಧವೇ, ದಿನನಿತ್ಯದ ಬಳಕೆಗೆ ಒಳ್ಳೆಯದೇ. ಆದರೆ ನಿಧಾನವಾಗಿ ಕೆಲಸ ಮಾಡುವುದರಿಂದ ಉಬ್ಬಸ ಬಂದಾಗ ನೆಚ್ಚುವಂತಿಲ್ಲ. ಡಬ್ಬಿಯ ಮೇಲೆ ಫಾರ್ಮೊಟೆರಾಲ್ ಎಂಬ ಹೆಸರನ್ನು ಓದಿದ ಮೇಲೆಯೇ ಈಗ ಹಣ ಕೊಡುತ್ತೇನೆ.

ದೋಷಗಳೂ ಇವೆ. ಬಾಯಿ ಮುಕ್ಕಳಿಸದೆ ಮಲಗುತ್ತಿದ್ದ ಮೊದಲ ವರ್ಷ ನಾಲಿಗೆಯ ಮೇಲೆ ಬಿಳಿ ಅಗ್ರ (ಶಿಲೀಂಧ್ರದ ಸೋಂಕು) ಬಂದಿತ್ತು. ಇನ್ಹೇಲರಿನ ಬಾಯಿಗೆ ಜೋಡಿಸುವ ಕೊಳವೆ, ಸ್ಪೇಸರ್, ಬಳಸತೊಡಗಿದ ಮೇಲೆ ಗಂಟಲು ಒಡೆಯುವುದು ಕಡಿಮೆಯಾಗಿದೆ. ಒಂದೇ ದಿನ ಹೆಚ್ಚು ಪಫ್ ಆದರೆ ಕೈ ನಡುಗುತ್ತದೆ. ನಿತ್ಯದ್ದೂ ಸೇರಿ ದಿನಕ್ಕೆ 12 ಪಫ್ ಮೀರಕೂಡದು, ಅಷ್ಟರ ಹತ್ತಿರ ಹೋಗುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಬರಬೇಕು ಎಂದು ವೈದ್ಯರು ಮೊದಲೇ ಬರೆದುಕೊಟ್ಟಿದ್ದಾರೆ. ಈ ವಿಧಾನ ಎಲ್ಲರಿಗೂ ಅಲ್ಲ, ಅವರವರ ವೈದ್ಯರೇ ಹೇಳಬೇಕು.

ನನ್ನ ನಿಜವಾದ ತಕರಾರು ಡೋಸ್ ಕೌಂಟರಿನ ಬಗ್ಗೆ. ಎರಡರಂತೆ ಎಳೆದರೆ 120 ಪಫ್ ಎರಡು ತಿಂಗಳು ಬರಬೇಕು, ಹೆಚ್ಚುವರಿ ಪಫ್ ಸೇರಿದರೆ ಮೊದಲೇ ಮುಗಿಯುತ್ತದೆ. ನನ್ನದರಲ್ಲಿ ಅಂಕಿ ಹತ್ತು ಹತ್ತಾಗಿ ಇಳಿಯುವುದರಿಂದ ಕೊನೆಯ ವಾರ ಎಷ್ಟು ಉಳಿದಿದೆ ಎಂಬುದು ಅಂದಾಜಿನ ಮಾತು. ಅದಕ್ಕಾಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೆಚ್ಚುವರಿ ಪಫ್‌ಗಳಿಗೆ ಕೆಂಪು ಗೆರೆ ಎಳೆಯುತ್ತೇನೆ. ತಪಾಸಣೆಗೆ ಹೋದಾಗ ವೈದ್ಯರು ಮೊದಲು ಕೇಳುವುದೂ ಆ ಹಾಳೆಯನ್ನೇ.