ಹಿಂದಿನ ಸೀಟು ನೋಡಿ ಕೊಂಡ ಸಿಯಾಜ್

ನಮ್ಮ ಅತ್ತೆಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಮಾವನಿಗೆ 78 ವರ್ಷ. ವರ್ಷಕ್ಕೆ ಏಳೆಂಟು ಸಲ ಮೈಸೂರಿನಿಂದ ಕೊಪ್ಪದ ಹತ್ತಿರದ ನಮ್ಮ ಊರಿಗೆ ಹೋಗಲೇಬೇಕು. ಹೊಳೆನರಸೀಪುರ, ಹಾಸನ, ಬೇಲೂರು, ಚಿಕ್ಕಮಗಳೂರು, ಬಾಳೆಹೊನ್ನೂರು ಅಂತ ಹತ್ತಿರ ಹತ್ತಿರ 260 ಕಿಲೋಮೀಟರ್. ಗಾಡಿ ಓಡಿಸುವವಳು ನಾನೇ. 2022ರಲ್ಲಿ ಸಣ್ಣ ಕಾರು ಮಾರಿ ದೊಡ್ಡದು ಕೊಳ್ಳಲು ಹೊರಟಾಗ ನನಗೆ ಬೇಕಾಗಿದ್ದದ್ದು ಇಷ್ಟೇ: ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬೇಕು, ದಾರಿಯಲ್ಲಿ ಕಾಲು ನೀಡಿ ಕೂರಬೇಕು.

ಎಲ್ಲರೂ ಎತ್ತರದ ಗಾಡಿ ತಗೋ ಅಂದರು. ಎರಡು ಮೂರು ಶೋರೂಮಿಗೆ ಅತ್ತೆಯನ್ನೇ ಕರೆದುಕೊಂಡು ಹೋದೆ. ಎತ್ತರದ ಗಾಡಿಗೆ ಮೊದಲು ಒಂದು ಕಾಲು ಎತ್ತಿ ಒಳಗಿಡಬೇಕು, ಆ ಒಂದೇ ಮಂಡಿಯ ಮೇಲೆ ಮೈಭಾರವೆಲ್ಲ ಹಾಕಿ ಏರಬೇಕು. ಅತ್ತೆಗೆ ಅದು ಆಗುವುದಿಲ್ಲ. ಸೆಡಾನ್‌ನಲ್ಲಿ, ಅಂದರೆ ಹಿಂದೆ ಬೇರೆ ಡಿಕ್ಕಿ ಇರುವ ತಗ್ಗಿನ ಕಾರಿನಲ್ಲಿ, ಹಾಗಲ್ಲ. ಬಾಗಿಲಿಗೆ ಬೆನ್ನು ಮಾಡಿ ನಿಂತು, ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬಹುದು. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದೂ ಇದನ್ನೇ. ಇಳಿಯುವಾಗ ಮಾತ್ರ ಸೀಟು ತಗ್ಗು ಅನ್ನಿಸುತ್ತದೆ. ಅದಕ್ಕೆ ನಾನು ಎರಡು ಇಂಚಿನ ಗಟ್ಟಿ ಫೋಮ್ ದಿಂಬು ಹಾಕಿದ್ದೇನೆ. ಮೆತ್ತನೆಯದು ಬೇಡ, ಒಳಗೆ ಹುದುಗಿಬಿಡುತ್ತಾರೆ.

ಮಾರುತಿ ಸುಜುಕಿಯ ಸೆಡಾನ್ ಸಿಯಾಜ್‌ನ ಹಿಂದಿನ ಸೀಟಿನಲ್ಲಿ ಕೂತ ಅತ್ತೆ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಇದರಲ್ಲಿ ಕಾಲು ನೀಡಬಹುದು ಮಾರಾಯ್ತಿ" ಅಂದರು. ನನಗೆ ಅಷ್ಟು ಸಾಕಾಯಿತು.

ಜಾಗ ಎಲ್ಲಿಂದ ಬಂತು ಅಂತ ಆಮೇಲೆ ನೋಡಿದೆ. ಕಾರಿನ ಉದ್ದ 4,490 ಮಿಲಿಮೀಟರ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,650. ನಾಲ್ಕು ಮೀಟರ್ ಒಳಗಿದ್ದರೆ ತೆರಿಗೆ ಕಮ್ಮಿ ಅಂತ ನಮ್ಮಲ್ಲಿ ಸಣ್ಣ ಸೆಡಾನ್‌ಗಳ ಬಾಲವನ್ನು ಗಿಡ್ಡ ಮಾಡುತ್ತಾರಲ್ಲ, ಇಲ್ಲಿ ಆ ಕತ್ತರಿ ಬಿದ್ದಿಲ್ಲ. ಡಿಕ್ಕಿ 510 ಲೀಟರ್. ಊರಿಂದ ಬರುವಾಗ ಒಂದು ಮೂಟೆ ಅಕ್ಕಿ, ಇಪ್ಪತ್ತು ತೆಂಗಿನಕಾಯಿ, ಎರಡು ಹಲಸಿನಹಣ್ಣು, ಅದರ ಪಕ್ಕದಲ್ಲೇ ಅತ್ತೆಯ ವಾಕರ್. ಎಲ್ಲಾ ಹಿಡಿಸಿ ಬಾಗಿಲು ಆರಾಮಾಗಿ ಮುಚ್ಚುತ್ತದೆ. ಹಲಸಿನ ವಾಸನೆ ಸೀಟಿನವರೆಗೆ ಬರುವುದೂ ಕಮ್ಮಿ. ಡಿಕ್ಕಿ ಬೇರೆಯೇ ಇರುವುದರ ಲಾಭ ಅದು.

ಹೊಸದು ಕೊಳ್ಳಲಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 17 ಪರ್ಸೆಂಟ್, ಅದರ ಮೇಲೆ ಸೆಸ್. 11 ಲಕ್ಷದ ಗಾಡಿಗೆ ತೆರಿಗೆಯೇ 2 ಲಕ್ಷ ದಾಟುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡರೆ ಅದನ್ನು ಮೊದಲನೆಯವರು ಕಟ್ಟಿರುತ್ತಾರೆ. ಮೂರು ವರ್ಷ ಹಳೆಯ ಸೆಡಾನ್‌ನಲ್ಲಿ ನನ್ನ ಪ್ರಕಾರ ನಿಜವಾದ ಉಳಿತಾಯ ಇಲ್ಲೇ ಇದೆ. ನಾನು ಕೊಂಡದ್ದು 2019ರ ಸಿಯಾಜ್, ಝೀಟಾ ಅನ್ನುವ ಮಾದರಿ, ಪೆಟ್ರೋಲ್, ಮ್ಯಾನುಯಲ್ ಗೇರ್. ಅದು 29,000 ಕಿಲೋಮೀಟರ್ ಓಡಿತ್ತು. ಕೊಟ್ಟದ್ದು 7.80 ಲಕ್ಷ.

ಅದಕ್ಕೂ ಮುಂಚೆ ಒಂದು ಕಡೆ ಮೋಸ ಹೋಗುವುದರಲ್ಲಿದ್ದೆ. ಯಾರು ಏನು ಅಂತ ಬೇಡ. ಮೀಟರ್‌ನಲ್ಲಿ 31,000 ಇತ್ತು, ಬಣ್ಣ ಫಳಫಳ ಹೊಳೆಯುತ್ತಿತ್ತು. ಆದರೆ ನಾಲ್ಕೂ ಟಯರ್ ಹೊಸವು. ಟಯರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಕಾರು 2018ರದ್ದು, ಟಯರ್ 2022ರದ್ದು. ಮೂವತ್ತು ಸಾವಿರಕ್ಕೆ ಯಾರು ನಾಲ್ಕೂ ಟಯರ್ ಬದಲಿಸುತ್ತಾರೆ? ನಂಬರ್ ಕೊಟ್ಟು ಸರ್ವಿಸ್ ದಾಖಲೆ ತೆಗೆಸಿದರೆ, ಒಂದು ವರ್ಷದ ಹಿಂದೆಯೇ 61,000 ಓಡಿದ ಲೆಕ್ಕ ಸಿಕ್ಕಿತು. ಅವತ್ತು ಮನೆಗೆ ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಅಡ್ವಾನ್ಸ್ ಕೊಟ್ಟಿರಲಿಲ್ಲ, ಪುಣ್ಯ. ದಯವಿಟ್ಟು ಸರ್ವಿಸ್ ದಾಖಲೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ನನ್ನ ಗಾಡಿ 78,000 ದಾಟಿದೆ. ಖರ್ಚೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸರ್ವಿಸ್‌ಗೆ ವರ್ಷಕ್ಕೆ ಆರೇಳು ಸಾವಿರ. ನಾಲ್ಕು ಟಯರ್‌ಗೆ 24,000. ಮುಂದಿನ ಬ್ರೇಕ್ ಪ್ಯಾಡ್ ಒಂದು ಸಲ, ಬ್ಯಾಟರಿ ಒಂದು ಸಲ. ಕ್ಲಚ್ ಇನ್ನೂ ಮೊದಲಿನದ್ದೇ. ದಾರಿಯಲ್ಲಿ ಒಂದು ದಿನವೂ ನಿಂತಿಲ್ಲ. ವಯಸ್ಸಾದ ಇಬ್ಬರನ್ನು ಕೂರಿಸಿಕೊಂಡು ಮಳೆಗಾಲದಲ್ಲಿ ಬಾಳೆಹೊನ್ನೂರು ದಾಟುವವಳಿಗೆ ಇದಕ್ಕಿಂತ ದೊಡ್ಡ ಮಾತು ಇಲ್ಲ.

ಮೈಲೇಜ್ ಮೈಸೂರು ಒಳಗೆ 14, ಹಾಸನದ ರಸ್ತೆಯಲ್ಲಿ 19-20. ಟ್ಯಾಂಕ್ 43 ಲೀಟರ್. ಮನೆಯಲ್ಲಿ ಹೊರಡುವಾಗ ತುಂಬಿಸಿದರೆ ಊರಿಗೆ ಹೋಗಿ ವಾಪಸ್ ಬರುವ ದಾರಿಯಲ್ಲಿ ಹಾಸನದವರೆಗೆ ಚಿಂತೆ ಇಲ್ಲ.

ಎಂಜಿನ್ ಬಗ್ಗೆ ಒಂದು ಮಾತು ಹೇಳಬೇಕು. 2018ರ ಆಗಸ್ಟ್‌ನಲ್ಲಿ ಹಳೆಯ 1.4 ಲೀಟರ್ ತೆಗೆದು 1.5 ಲೀಟರ್ ಹಾಕಿದರು. ಕೊಳ್ಳುವುದಾದರೆ ಆಮೇಲಿನದ್ದೇ ಕೊಳ್ಳಿ. ಇದೇ ಎಂಜಿನ್ ಮಾರುತಿಯದ್ದೇ ಎರ್ಟಿಗಾ, ಬ್ರೆಝಾ ಕಾರುಗಳಲ್ಲೂ ಬಂದಿದೆ. ಸಿಯಾಜ್ ತಯಾರಿಕೆ 2025ರಲ್ಲಿ ನಿಂತುಹೋಯಿತು, ಇನ್ನು ಸಾಮಾನು ಸಿಗುತ್ತದಾ ಅಂತ ಸುಮಾರು ಜನ ಕೇಳುತ್ತಾರೆ. ಎಂಜಿನ್ ಸಾಮಾನಿಗೆ ನನಗೆ ಭಯವಿಲ್ಲ, ಅಷ್ಟು ಗಾಡಿಗಳು ರಸ್ತೆಯಲ್ಲಿವೆ. ಹೆಡ್‌ಲೈಟ್, ಬಂಪರ್ ಥರದ್ದು ಇದೊಂದೇ ಕಾರಿನದ್ದು. ಅದನ್ನು ಜೋಪಾನ ಮಾಡಬೇಕು. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ ಇದೆ, ಅದಕ್ಕೆ ಬೇರೆ ಲಿಥಿಯಂ ಬ್ಯಾಟರಿ ಇದೆ. ಅದು ಮುಂದಿನ ಎಡಗಡೆ ಸೀಟಿನ ಕೆಳಗೆ ಇರುತ್ತದೆ. ಹಳೆಯ ಗಾಡಿ ನೋಡುವಾಗ ಆ ಸೀಟಿನ ಕೆಳಗೆ ನೀರು ನಿಂತ ಗುರುತು ಇದೆಯಾ ನೋಡಿ.

ಓಡಿಸಲು ಹಗುರ, ಸದ್ದು ಕಮ್ಮಿ. ಹೊಂಡದಲ್ಲಿ ಇಳಿದರೂ ಹಿಂದೆ ಕೂತವರ ಸೊಂಟಕ್ಕೆ ಏಟು ಬೀಳುವುದಿಲ್ಲ. ಮಾವ ಬಿಳಿಕೆರೆ ದಾಟುವ ಮುಂಚೆ ನಿದ್ದೆ ಹೋದರೆ ಏಳುವುದು ಹೊಳೆನರಸೀಪುರದ ಕಾಫಿಗೆ. ಐದು ಜನ ಕೂತು ಡಿಕ್ಕಿ ತುಂಬಿದ್ದಾಗ ಘಟ್ಟದ ತಿರುವಿನಲ್ಲಿ ಎರಡನೇ ಗೇರ್‌ಗೆ ಇಳಿಯಲೇಬೇಕು. ಓವರ್‌ಟೇಕ್ ಮಾಡಲು ಅವಸರ ಪಡಬಾರದು. ನೆಲದಿಂದ ಎತ್ತರ 170 ಮಿಲಿಮೀಟರ್. ಊರೂರಿಗೂ ಹಾಕಿದ ಹಂಪ್‌ಗಳಲ್ಲಿ ತುಂಬಿದ ಗಾಡಿಯನ್ನು ಓರೆಯಾಗಿ, ನಿಧಾನವಾಗಿ ಹತ್ತಿಸಿದರೆ ತಳ ತಾಗುವುದಿಲ್ಲ. ಆಟೋಮ್ಯಾಟಿಕ್ ಬೇಕು ಅನ್ನುವವರಿಗೆ: ಇದರಲ್ಲಿ ಇರುವುದು ನಾಲ್ಕೇ ಗೇರ್. ಊರೊಳಗೆ ಸಾಕು, ಹೈವೇಗೆ ಐದು ಗೇರಿನ ಮ್ಯಾನುಯಲ್ ಚೆನ್ನ.

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಏರ್‌ಬ್ಯಾಗ್ ಎರಡೇ, ಅವೂ ಮುಂದಿನವರಿಗೆ. ನಾನು ಇಷ್ಟು ಆಸೆಪಟ್ಟು ಆರಿಸಿದ ಹಿಂದಿನ ಸೀಟಿಗೆ ಒಂದೂ ಇಲ್ಲ. ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವ ಇಎಸ್‌ಪಿ ಎಲ್ಲಾ ಮಾದರಿಗೂ ಬಂದದ್ದು 2023ರ ಫೆಬ್ರವರಿಯಲ್ಲಿ. ನನ್ನ 2019ರ ಮ್ಯಾನುಯಲ್‌ನಲ್ಲಿ ಇಲ್ಲ. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಹ್ಯುಂಡೈನ ಹೊಸ ವೆರ್ನಾ, ಈ ಮೂರು ಸೆಡಾನ್‌ಗಳಿಗೂ ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ಐದು ಸ್ಟಾರ್ ಬಂದಿದೆ, ಒಳಗೆ ಜಾಗವೂ ಒಳ್ಳೆಯದೇ. ಈಗ ಕೊಳ್ಳುವುದಾಗಿದ್ದು, ಇನ್ನೂ ಮೂರು ನಾಲ್ಕು ಲಕ್ಷ ಕೈಯಲ್ಲಿದ್ದರೆ ಅವನ್ನೂ ನೋಡುತ್ತಿದ್ದೆ. ಇದನ್ನೇ ಕೊಳ್ಳುವುದಾದರೆ 2023ರ ಮಾರ್ಚ್ ನಂತರದ ಗಾಡಿ ಹುಡುಕಿ, ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ನಮ್ಮ ಗಾಡಿಯಲ್ಲಿ ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ಅತ್ತೆಗೆ ಬಕಲ್ ಹುಡುಕುವುದು ಕಷ್ಟ ಅಂತ ಅದಕ್ಕೆ ಕೆಂಪು ದಾರ ಸುತ್ತಿದ್ದೇನೆ. ಈಗ ಅವರೇ ಮೊದಲು ಹಾಕಿಕೊಂಡು, ಮಾವನದ್ದು ಆಯಿತಾ ಅಂತ ನೋಡುತ್ತಾರೆ. ಆಮೇಲೆ ನನಗೆ "ಹ್ಞೂಂ, ಹೊರಡು" ಅನ್ನುತ್ತಾರೆ.