ಏಳು ಗಂಟೆಗೆ ಬೇಡ, ಹತ್ತೂವರೆಗೆ ಬೇಕು: ಮಗಳ ಬೆಳಗಿನ ತಿಂಡಿಗೆ ನಾನು ಮಾಡಿ ನೋಡಿದ್ದು

ಭಾನುವಾರ ಹತ್ತೂವರೆಗೆ ನನ್ನ ಮಗಳು ನಾಲ್ಕು ದೋಸೆ ತಿನ್ನುತ್ತಾಳೆ. ಐದನೆಯದು ಇನ್ನೂ ಕಾವಲಿಯ ಮೇಲಿರುವಾಗಲೇ ತಟ್ಟೆ ಹಿಡಿದು ಒಲೆಯ ಪಕ್ಕ ನಿಂತಿರುತ್ತಾಳೆ. ಅದೇ ಹುಡುಗಿಗೆ ಸೋಮವಾರ ಆರೂಮುಕ್ಕಾಲಿಗೆ ಒಂದೇ ಒಂದು ದೋಸೆ ಹಾಕಿಕೊಟ್ಟರೆ "ಬೇಡಮ್ಮ, ವಾಸನೆಗೇ ವಾಕರಿಕೆ ಬರುತ್ತೆ" ಅಂತ ತಟ್ಟೆ ಸರಿಸುತ್ತಾಳೆ. ಹಿಟ್ಟು ಅದೇ, ಚಟ್ನಿ ಅದೇ. ಎರಡು ವರ್ಷ ನಾನು ಇದನ್ನು ಹಟ ಅಂದುಕೊಂಡು ಬೈದೆ. ಎಷ್ಟೋ ದಿನ ಬಸ್ಸಿನ ಹಾರ್ನ್ ಕೇಳುವವರೆಗೂ ಬಾಯಿಗೆ ತುರುಕಿದ್ದೇನೆ. ಅದನ್ನು ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಕಳೆದ ಜೂನ್‌ನಲ್ಲಿ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.4. ಅವಳ ಹದಿನೈದರ ವಯಸ್ಸಿಗೆ 12 ಆದರೂ ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಮಾತ್ರೆ ನನ್ನ ಕೆಲಸ, ಬೆಳಗಿನ ತಿಂಡಿ ನಿಮ್ಮ ಕೆಲಸ" ಅಂದರು. ಇದು ನಮ್ಮ ಮನೆಯೊಂದರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹದಿಮೂರರಿಂದ ಹದಿನೈದರ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್, 1000 ಮಿಲಿಗ್ರಾಂ ಕ್ಯಾಲ್ಸಿಯಂ, 30 ಮಿಲಿಗ್ರಾಂ ಕಬ್ಬಿಣ ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ. ನನ್ನ ಮಗಳು ಬರೀ ಒಂದು ಲೋಟ ಕಾಫಿ ಕುಡಿದು ಮಧ್ಯಾಹ್ನ ಒಂದರವರೆಗೆ ಕಳೆಯುತ್ತಿದ್ದಳು.

ಆಗ ನಾನು ಒಂದೊಂದು ತಿಂಡಿಯನ್ನು ಒಂದೊಂದು ವಾರ, ಸೋಮವಾರದಿಂದ ಶನಿವಾರದವರೆಗೆ ಕೊಟ್ಟು ನೋಡಿದೆ. ತಟ್ಟೆಯಲ್ಲಿ ಉಳಿದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಸಂಜೆ ಬಂದ ಮೇಲೆ "ಎಷ್ಟು ಗಂಟೆಗೆ ಹಸಿವಾಯ್ತು?" ಅಂತ ಕೇಳಿ ಕ್ಯಾಲೆಂಡರಿನ ಚೌಕದಲ್ಲಿ ಬರೆದೆ. ಮೈಸೂರಿನ ನಮ್ಮ ಮನೆಯಿಂದ ಅವಳ ಶಾಲೆಯ ಬಸ್ಸು ಏಳೂ ಹತ್ತಕ್ಕೆ. ಶಾಲೆಯಲ್ಲಿ ಹತ್ತೂವರೆಗೆ ಹದಿನೈದು ನಿಮಿಷದ ಬಿಡುವು.

ಮೊದಲ ವಾರ ಇಡ್ಲಿ. ಮನೆಮಂದಿಗೆಲ್ಲ ಮಾಡುವುದೇ ಆದ್ದರಿಂದ ನನಗೆ ಇದು ಸುಲಭ. ಆದರೆ ಎರಡು ಇಡ್ಲಿ ಹಾಕಿದರೆ ಮುಕ್ಕಾಲು ಇಡ್ಲಿಗಿಂತ ಹೆಚ್ಚು ಯಾವ ದಿನವೂ ಒಳಗೆ ಹೋಗಲಿಲ್ಲ. ಗಂಟಲಲ್ಲಿ ಇಳಿಯಲ್ಲ ಅಂದಳು. ಒಂದು ಇಡ್ಲಿಯಲ್ಲಿ ಇರುವುದೇ ಸುಮಾರು ಎರಡು ಗ್ರಾಂ ಪ್ರೋಟೀನ್, ಅದರಲ್ಲೂ ಕಾಲು ಭಾಗ ವಾಪಸ್. ಗುರುವಾರ ಅದೇ ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ಚಟ್ನಿಪುಡಿಗೆ ತುಪ್ಪ ಕಲಸಿ ಹೊರಳಿಸಿ ಡಬ್ಬಿಗೆ ಹಾಕಿ ಕಳಿಸಿದೆ. ಡಬ್ಬಿ ಖಾಲಿಯಾಗಿ ಬಂತು. ಪ್ರಶ್ನೆ ತಿಂಡಿಯದ್ದಲ್ಲ, ಗಂಟೆಯದ್ದು ಅಂತ ನನಗೆ ಮೊದಲು ಅನ್ನಿಸಿದ್ದು ಆ ಖಾಲಿ ಡಬ್ಬಿ ತೊಳೆಯುವಾಗ.

ಎರಡನೇ ವಾರ ಅವಳೇ ಕೇಳಿದ ಕಾರ್ನ್‌ಫ್ಲೇಕ್ಸ್. ಆರೂ ದಿನ ಬಟ್ಟಲು ಖಾಲಿ. ತಿನ್ನುವ ಲೆಕ್ಕದಲ್ಲಿ ನೋಡಿದರೆ ಇದಕ್ಕೇ ಮೊದಲ ಸ್ಥಾನ. ಆದರೆ ಕ್ಯಾಲೆಂಡರಿನಲ್ಲಿ ಆ ವಾರದ ಚೌಕಗಳಲ್ಲೆಲ್ಲ ಒಂಬತ್ತು, ಒಂಬತ್ತೂಕಾಲು ಅಂತಲೇ ಇದೆ. ಅಷ್ಟು ಬೇಗ ಹಸಿವು, ಜೊತೆಗೆ ತಲೆನೋವು. 30 ಗ್ರಾಂ ಕಾರ್ನ್‌ಫ್ಲೇಕ್ಸ್‌ನಲ್ಲಿ ಪ್ರೋಟೀನ್ ಎರಡು ಗ್ರಾಂ ಆಸುಪಾಸು. ಆ ಬಟ್ಟಲಲ್ಲಿ ದೇಹ ಕಟ್ಟುವ ಕೆಲಸ ಮಾಡುತ್ತಿದ್ದದ್ದು ಹಾಲು ಮಾತ್ರ. ಪರೀಕ್ಷೆಯ ದಿನ, ಬೇರೇನೂ ಇಳಿಯದ ದಿನ ಇರಲಿ ಅಂತ ಒಂದು ಪ್ಯಾಕೆಟ್ ಇಟ್ಟಿದ್ದೇನೆ, ಅಷ್ಟೇ.

ಓಟ್ಸ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪ್ರೋಟೀನು, ನಾರು ಎರಡೂ ಚೆನ್ನಾಗಿವೆ. ನನ್ನ ತಂಗಿಯ ಮಗ ದಿನಾ ತಿನ್ನುತ್ತಾನೆ. ನಮ್ಮ ಮನೆಯಲ್ಲಿ ಮೂರನೇ ದಿನಕ್ಕೆ ನಿಂತುಹೋಯಿತು. ಅದರ ಅಂಟು ಅವಳಿಗೆ ಆಗಲಿಲ್ಲ.

ಮೊಟ್ಟೆಯ ಮೇಲೆ ನನಗೆ ತುಂಬ ಭರವಸೆ ಇತ್ತು. ಒಂದು ಮೊಟ್ಟೆಗೆ ಆರು ಗ್ರಾಂ ಪ್ರೋಟೀನ್, ಬೇಯಿಸುವುದಕ್ಕೆ ಹತ್ತು ನಿಮಿಷ. ಬೆಳಗ್ಗೆ ಸಿಪ್ಪೆ ಸುಲಿಯುತ್ತಿದ್ದಂತೆ ಆ ವಾಸನೆಗೇ ಎದ್ದು ಹೊರಗೆ ಹೋದಳು. ಡಬ್ಬಿಗೆ ಹಾಕಿದೆ. ಬಿಡುವಿನಲ್ಲಿ ಡಬ್ಬಿ ತೆಗೆದರೆ ಪಕ್ಕದವರು ಮೂಗು ಮುಚ್ಚುತ್ತಾರೆ ಅಂತ ಹಾಗೇ ವಾಪಸ್ ತಂದಳು. ಆ ವಯಸ್ಸಿನಲ್ಲಿ ಗೆಳತಿಯರ ಮುಂದೆ ಮುಜುಗರವಾಗುವುದು ಸಣ್ಣ ವಿಷಯವಲ್ಲ, ನಾನು ಒತ್ತಾಯ ಮಾಡಲಿಲ್ಲ. ಈಗ ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದ ಕೂಡಲೇ ಎರಡು ಮೊಟ್ಟೆ, ಮೇಲೆ ಮೆಣಸಿನಪುಡಿ. ಒಂದು ಚೂರೂ ಬಿಡುವುದಿಲ್ಲ. ಮೊಟ್ಟೆ ಸೋತದ್ದು ಬೆಳಗಿನ ಹೊತ್ತಿಗೆ ಮಾತ್ರ.

ಈ ಹೊತ್ತಿಗೆ ಅತ್ತೆ ನಾಗಮಂಗಲದಿಂದ ಬಂದಿದ್ದರು. ನಾಲ್ಕು ದಿನ ಸುಮ್ಮನೆ ನೋಡಿ, ಐದನೇ ದಿನ ಅಂದರು: "ಒತ್ತಾರೆ ಕೂಸಿನ್ನ ತಿನ್ನು ತಿನ್ನು ಅಂತ ಯಾಕವ್ವ ಜೀವ ತಿಂತೀಯ? ಕುಡಿಯಕ್ಕೆ ಕೊಡು." ಅವರ ಕಾಲದಲ್ಲಿ ಹೊಲಕ್ಕೆ ಹೋಗುವವರು ಬೆಳಗ್ಗೆ ಅಂಬಲಿ ಕುಡಿದು ಹೋಗುತ್ತಿದ್ದರಂತೆ, ಹಿಟ್ಟು ಸಾರು ಹೊತ್ತೇರಿದ ಮೇಲೆ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕೂತು ಅಗಿಯುವುದು ಒಂದು ಕೆಲಸ, ನಿಂತು ಕುಡಿಯುವುದು ಇನ್ನೊಂದು.

ರಾಗಿಯನ್ನು ಮೂರು ಬಗೆಯಲ್ಲಿ ಮಾಡಿ ನೋಡಿದೆವು. ಅಂಗಡಿಯ ರಾಗಿ ಮಾಲ್ಟ್ ಪುಡಿ ಮೊದಲು. ನಾನು ತಂದ ಡಬ್ಬದ ಹಿಂದೆ ಓದಿದರೆ ಪದಾರ್ಥಗಳ ಸಾಲಿನಲ್ಲಿ ಎರಡನೆಯದೇ ಸಕ್ಕರೆ. ಬಿಸಿ ಹಾಲಿಗೆ ಕಲಸಿ ಕೊಟ್ಟೆ, ಹಾಲಿನ ಬಿಸಿ ವಾಸನೆಗೆ ಅರ್ಧ ಲೋಟ ಉಳಿಯಿತು. ಕೊಳ್ಳುವವರು ಮುಂದಿನ ಹೊಳಪಿನ ಚಿತ್ರ ಬಿಟ್ಟು ಹಿಂದಿನ ಸಣ್ಣಕ್ಷರ ಓದಿ ಅಂತಷ್ಟೇ ಹೇಳುತ್ತೇನೆ.

ಎರಡನೆಯದು ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ತೇವ ಮಾಡಿಟ್ಟು, ಚೆನ್ನಾಗಿ ಕಾದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿದರೆ ಮಲ್ಲಿಗೆ ಮೊಗ್ಗಿನಂತೆ ಅರಳುತ್ತದೆ. ಅದನ್ನು ಬೀಸಿದ ಹಿಟ್ಟು ಇದು. ಬೇಯಿಸಬೇಕಾಗಿಲ್ಲ, ಅದೇ ಇದರ ದೊಡ್ಡ ಅನುಕೂಲ. ತಣ್ಣನೆಯ ಹಾಲು 150 ಮಿಲಿ, ಹುರಿಹಿಟ್ಟು 30 ಗ್ರಾಂ, ಒಂದು ಚೂರು ಬೆಲ್ಲ, ಏಲಕ್ಕಿ. ಹಿಟ್ಟಿನಿಂದ ನೂರು, ಹಾಲಿನಿಂದ ನೂರಾ ಎಂಬತ್ತರ ಆಸುಪಾಸು, ಒಟ್ಟು 280 ಮಿಲಿಗ್ರಾಂ ಕ್ಯಾಲ್ಸಿಯಂ ಒಂದು ಲೋಟದಲ್ಲಿ. ದಿನದ ಕಾಲು ಭಾಗಕ್ಕಿಂತ ಹೆಚ್ಚು. ಪ್ರೋಟೀನ್ ಏಳು ಗ್ರಾಂ. ಆರು ದಿನದಲ್ಲಿ ನಾಲ್ಕು ದಿನ ಪೂರ್ತಿ ಕುಡಿದಳು, ಎರಡು ದಿನ ಸಿಹಿ ಬೇಡ ಅಂದಳು.

ಮೂರನೆಯದು ಮಜ್ಜಿಗೆ ಅಂಬಲಿ. ನಮ್ಮ ಮನೆಯಲ್ಲಿ ಗೆದ್ದದ್ದು ಇದೇ. ರಾತ್ರಿಯೇ ಮೂರು ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಹುಯ್ದು, ಕೈಬಿಡದೆ ತಿರುವಿ ಬೇಯಿಸಿ ಮುಚ್ಚಿಡುತ್ತೇನೆ. ಬೆಳಗ್ಗೆ ಅದಕ್ಕೆ ಮಜ್ಜಿಗೆ, ಉಪ್ಪು, ಹುರಿದ ಜೀರಿಗೆಯ ಪುಡಿ, ಎರಡು ಎಲೆ ಕರಿಬೇವು. ಈರುಳ್ಳಿ ಹಾಕಬಾರದು, ಶಾಲೆಗೆ ಹೋಗುವ ಮಕ್ಕಳಿಗೆ ಅದರ ಬಾಯಿವಾಸನೆ ಆಗದು. ಬಿಸಿಯಿಲ್ಲ, ಆದ್ದರಿಂದ ವಾಸನೆ ಏಳುವುದಿಲ್ಲ. ಹುಳಿ ಇರುವುದರಿಂದ ಬೆಳಗಿನ ಸಪ್ಪೆ ಬಾಯಿಗೆ ಹಿತ. ಚಪ್ಪಲಿ ಹಾಕಿಕೊಳ್ಳುತ್ತಾ ಕುಡಿಯಬಹುದು. ಆರಕ್ಕೆ ಆರು ದಿನ ಲೋಟ ಖಾಲಿ.

ಇದರಲ್ಲಿ ಒಂದು ಗುಟ್ಟು ಇದೆ. ಸಾದಾ ಹಿಟ್ಟು ಹೆಚ್ಚು ಹಾಕಿದರೆ ಅಂಬಲಿ ಗಟ್ಟಿಯಾಗಿ ಕುಡಿಯಲಾಗುವುದಿಲ್ಲ, ಕಡಿಮೆ ಹಾಕಿದರೆ ಬರೀ ನೀರು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯಾದರೆ ಈ ತೊಂದರೆ ಇಲ್ಲ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಅಷ್ಟೇ ತೆಳುವಿನ ಲೋಟದಲ್ಲಿ ಹೆಚ್ಚು ರಾಗಿ ಸೇರುತ್ತದೆ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶವೂ ತಗ್ಗುತ್ತದೆ. ಹಸುಗೂಸುಗಳಿಗೆ ನಾವು ರಾಗಿ ಸರಿ ಮಾಡುವುದು ಇದೇ ಹಿಟ್ಟಿನಲ್ಲಿ ಅಲ್ಲವೇ? ಆರು ತಿಂಗಳ ಮಗುವಾಗಿದ್ದಾಗ ಅವಳು ಚಪ್ಪರಿಸಿ ತಿಂದದ್ದೇ ಹದಿನೈದರಲ್ಲೂ ಒಗ್ಗಿತು.

ಆದರೂ ಅಂಬಲಿಯೊಂದನ್ನೇ ನಂಬಲಾಗದು. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 340 ಮಿಲಿಗ್ರಾಂಗೂ ಹೆಚ್ಚು, ಆ ಮಟ್ಟಿಗೆ ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಪ್ರೋಟೀನ್ ಮಾತ್ರ ಏಳೇ ಗ್ರಾಂ. ಒಂದು ಲೋಟ ಮಜ್ಜಿಗೆ ಅಂಬಲಿ ಅಂದರೆ ಮೂರು ಗ್ರಾಂ ಸಿಕ್ಕರೆ ಹೆಚ್ಚು. ಉಳಿದದ್ದು ಹತ್ತೂವರೆಯ ಡಬ್ಬಿಯಿಂದ ಬರಬೇಕು.

ಡಬ್ಬಿಗೆ ಎರಡರ ನಡುವೆ ಪೈಪೋಟಿ ಇತ್ತು. ಒಂದು, ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಜೊತೆಗೆ ಎರಡು ಏಲಕ್ಕಿ ಬಾಳೆಹಣ್ಣು. ಇನ್ನೊಂದು, ಮೊಳಕೆ ಹೆಸರುಕಾಳಿನ ಉಸಲಿ. 30 ಗ್ರಾಂ ಲೆಕ್ಕದಲ್ಲಿ (ಹೆಸರುಕಾಳನ್ನು ನೆನೆಸುವ ಮುಂಚೆ ಒಣಗಿದ್ದಾಗ ತೂಗಿದರೆ) ಎರಡರಲ್ಲೂ ಪ್ರೋಟೀನ್ ಏಳು ಗ್ರಾಂ ಆಸುಪಾಸು, ಸಮ ಸಮ. ಕಡಲೆಕಾಯಿಗೆ ಬೆಳಗ್ಗೆ ಒಲೆ ಹಚ್ಚಬೇಕಿಲ್ಲ, ಕೆಡುವುದಿಲ್ಲ, ಬಸ್ಸಿನಲ್ಲೂ ತಿನ್ನಬಹುದು. ಹಸಿವು ತಡೆಯುವುದರಲ್ಲಿ ಅದೇ ಮುಂದು, ಮಧ್ಯಾಹ್ನ ಒಂದೂಕಾಲಾದರೂ ಹಸಿವಿಲ್ಲ ಅಂತ ಬರೆದಿದ್ದೇನೆ. ಆದರೆ ನನಗೆ ಕಬ್ಬಿಣದ ಚಿಂತೆ. ಉಸಲಿಗೆ ಡಬ್ಬಿ ಮುಚ್ಚುವ ಮುಂಚೆ ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ನಿಂಬೆಯ ಸಿ ಜೀವಸತ್ವ ಇದ್ದರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಉಸಲಿಗೆ ನಾಲ್ಕು ದಿನ, ಕಡಲೆಕಾಯಿಗೆ ಎರಡು ದಿನ.

ಉಸಲಿಯಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಎರಡು ದಿನ ಹಸಿ ಮೊಳಕೆಯನ್ನೇ ಕೋಸಂಬರಿಯಂತೆ ಕಳಿಸಿದೆ. ಬಿಡುವಿನ ಹೊತ್ತಿಗೆ ಲೋಳೆಯಾಗಿತ್ತು, ಅವಳಿಗೆ ಹೊಟ್ಟೆನೋವೂ ಬಂತು. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ಬ್ಯಾಕ್ಟೀರಿಯಾವೂ ಬೆಳೆಯುತ್ತವೆ. ಈಗ ಚೆನ್ನಾಗಿ ಹಬೆಯಲ್ಲಿ ಬೇಯಿಸಿ, ಒಗ್ಗರಣೆ ಹಾಕಿ, ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕುತ್ತೇನೆ.

ತಿಂಡಿಯಷ್ಟೇ ಮುಖ್ಯವಾದ ಇನ್ನೆರಡು ಬದಲಾವಣೆ ಮಾಡಿದೆವು. ಬೆಳಗಿನ ಕಾಫಿಯನ್ನು ಸಂಜೆಗೆ ಹಾಕಿದೆವು. ಖಾಲಿ ಹೊಟ್ಟೆಗೆ ಬಿದ್ದ ಕಾಫಿ ಇದ್ದ ಚೂರು ಹಸಿವನ್ನೂ ಸಾಯಿಸುತ್ತಿತ್ತು. ಊಟ ತಿಂಡಿಯ ಜೊತೆ ಕುಡಿದರೆ ಕಬ್ಬಿಣ ಹೀರಿಕೊಳ್ಳುವುದಕ್ಕೂ ಅದು ಅಡ್ಡಿ. ಮತ್ತೆ ಬೆಳಗ್ಗೆ ಹಸಿವಾಗಲಿ ಅಂತ ರಾತ್ರಿ ಹತ್ತರ ಊಟ ಎಂಟಕ್ಕೆ ಬಂತು. ಹಾಗಿದ್ದರೂ ಬೆಳಗಿನ ಹಸಿವಿಗೆ ಇನ್ನೊಂದು ಅಡ್ಡಿ ಇದೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಓಡುತ್ತದೆ. ಆರೂಮುಕ್ಕಾಲು ಅನ್ನುವುದು ಆ ಮೈಗೆ ಇನ್ನೂ ನಡುನಿದ್ದೆಯ ಹೊತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಈ ವಯಸ್ಸಿನವರ ಶಾಲೆ ಎಂಟೂವರೆಗೆ ಮುಂಚೆ ಶುರುವಾಗಬಾರದು ಅಂತ ಹೇಳಿದೆ. ನಮ್ಮ ಶಾಲೆಗಳೂ ಇದನ್ನು ಯೋಚಿಸಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ಹತ್ತೂವರೆಯ ಆ ಹದಿನೈದು ನಿಮಿಷವನ್ನೇ ತಿಂಡಿಯ ಹೊತ್ತು ಅಂತ ಒಪ್ಪಿಕೊಂಡಿದ್ದೇನೆ.

ಒಂದು ಮಾತು ಅವಳ ಹತ್ತಿರ ಕೂತು ಕೇಳಿದೆ. ದಪ್ಪ ಆಗುತ್ತೇನೆ ಅಂತ ತಿಂಡಿ ಬಿಡುತ್ತಿದ್ದೀಯಾ ಅಂತ. ಇಲ್ಲ ಅಂದಳು, ಅವಳ ಭಾನುವಾರದ ದೋಸೆ ನೋಡಿದ ನನಗೆ ನಂಬಿಕೆ ಬಂತು. ಮಧ್ಯಾಹ್ನ, ರಾತ್ರಿಯ ಊಟವನ್ನೂ ಬಿಡುವ ಮಕ್ಕಳಿದ್ದರೆ ಅಂಬಲಿ ಉಸಲಿಯಲ್ಲಿ ಕಾಲ ಕಳೆಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮಾತ್ರೆಯನ್ನು ಹಾಲು, ಮಜ್ಜಿಗೆ, ಕಾಫಿ ಯಾವುದರ ಜೊತೆಗೂ ಕೊಡದೆ ನಿಂಬೆ ಪಾನಕದ ಜೊತೆ ಕೊಟ್ಟೆ. ಅಕ್ಟೋಬರ್‌ನಲ್ಲಿ ಹಿಮೋಗ್ಲೋಬಿನ್ 11.9 ಆಗಿತ್ತು. ಅದರಲ್ಲಿ ಹೆಚ್ಚಿನ ಪಾಲು ಮಾತ್ರೆಯದ್ದೇ, ಅದನ್ನು ಅಂಬಲಿಯ ಖಾತೆಗೆ ಬರೆಯಲಾರೆ. ಮಧ್ಯಾಹ್ನ ಒಂದು ಗಂಟೆಯವರೆಗೆ ತಲೆನೋವಿಲ್ಲದೆ ಕೂರುತ್ತಾಳೆ, ಅದು ಅಂಬಲಿ ಮತ್ತು ಡಬ್ಬಿಯಿಂದ ಅಂತ ಧೈರ್ಯವಾಗಿ ಹೇಳುತ್ತೇನೆ.

ಈಗ ಇರುವ ತೊಂದರೆ ಚಳಿಗಾಲದ್ದು. ಡಿಸೆಂಬರ್ ಬಂದರೆ ತಣ್ಣನೆಯ ಅಂಬಲಿ ಗಂಟಲಿಗೆ ಆಗುವುದಿಲ್ಲ, ಬಿಸಿ ಮಾಡಿದರೆ ಮಜ್ಜಿಗೆ ಒಡೆಯುತ್ತದೆ. ಅತ್ತೆ ಫೋನಿನಲ್ಲಿ ಮಜ್ಜಿಗೆ ಬಿಟ್ಟು ಮೆಣಸು, ಶುಂಠಿ ಹಾಕಿ ಉಗುರುಬೆಚ್ಚಗೆ ಮಾಡು ಅಂದಿದ್ದಾರೆ. ಈ ಸೋಮವಾರದಿಂದ ಅದರ ವಾರ.