ಹುಬ್ಬಳ್ಳಿಯಿಂದ ನಡುಗಡ್ಡೆಗೆ: ರಂಗನತಿಟ್ಟೋ, ನಿಸರ್ಗಧಾಮವೋ, ಅತ್ತಿವೇರಿಯೋ?

ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಇದೆ, ಹೊಳೆ ಇಲ್ಲ. ಕಾವೇರಿಯೊಳಗಿನ ಕಾಡು ನೋಡಬೇಕೆಂದರೆ ರಾತ್ರಿ ಮೈಸೂರು ರೈಲು ಹತ್ತಬೇಕು. ಅಲ್ಲಿನ ಎರಡು ನಡುಗಡ್ಡೆಗಳನ್ನೂ ಮನೆಮಂದಿಯೊಂದಿಗೆ ನೋಡಿ ಬಂದಿದ್ದೇನೆ. ನನ್ನ ಓಟು ರಂಗನತಿಟ್ಟಿಗೆ.

ಕುಶಾಲನಗರದ ಹತ್ತಿರದ ನಿಸರ್ಗಧಾಮದಲ್ಲಿ ತೂಗುಸೇತುವೆ ದಾಟಿ 64 ಎಕರೆ ದ್ವೀಪದೊಳಗೆ ಅಡ್ಡಾಡಬಹುದು. ಬಿದಿರು ಮೆಳೆ, ತಂಪು ನೆರಳು, ಜಿಂಕೆ. ಮಕ್ಕಳಿಗಂತೂ ಸೇತುವೆ ಅಲುಗಾಡಿದ್ದೇ ಹಬ್ಬ. ಆದರೆ ರಜೆಯಲ್ಲಿ ಜನವೋ ಜನ. ಹಕ್ಕಿ ದನಿಗಿಂತ ಸೆಲ್ಫಿ ಗದ್ದಲವೇ ಜೋರು. ಕಾಡು ಅನ್ನುವುದಕ್ಕಿಂತ ಚಂದದ ಪಾರ್ಕು ಅನ್ನಿ.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ನಡುಗಡ್ಡೆಗೆ ಕಾಲಿಡಲು ಬಿಡುವುದೇ ಇಲ್ಲ. ಹಕ್ಕಿಗಳು ಅಲ್ಲಿ ನಿಶ್ಚಿಂತೆಯಾಗಿ ಇರುವುದು ಅದಕ್ಕೇ. 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿಂದ ಉಂಟಾದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇರೆಗೆ 1940ರಲ್ಲಿ ಪಕ್ಷಿಧಾಮವಾಯಿತು. ಹುಟ್ಟು ಹಾಕುವ ದೋಣಿಯಾದ್ದರಿಂದ ಸದ್ದಿಲ್ಲ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಕಂಡದ್ದೇ ನಮ್ಮವ್ವ, "ಏ ತಮ್ಮಾ, ದೂರ ತಗೋಳಪಾ" ಅಂದಳು. ದೋಣಿಯಾತ ನಕ್ಕು ಇನ್ನೂ ಹತ್ತಿರ ಒಯ್ದ! ಮೇಲೆ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ ಗಂಟಲಿನಿಂದ ಮೀನು ಕಕ್ಕಿ ಗೂಡಿಗೆ ಸುರಿಯುತ್ತಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಗುಳುಂ ಅನ್ನಿಸುತ್ತಿದ್ದವು. ದುರ್ಬೀನು ಚೀಲದಲ್ಲೇ ಉಳಿಯಿತು. ಹಿಕ್ಕೆಯ ವಾಸನೆಗೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು.

ಗೂಡು-ಮರಿ ನೋಡಬೇಕಿದ್ದರೆ ಮಾರ್ಚ್, ಏಪ್ರಿಲ್ ಒಳ್ಳೆಯದು, ಅದೂ ಬೆಳಗಿನ ದೋಣಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ಬಂದ್. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಅಷ್ಟು ದೂರ ಯಾರು ಹೋಗಬೇಕು ಅನ್ನುವವರಿಗೆ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮ ಇದೆ, ಸುಮಾರು 45 ಕಿ.ಮೀ. ಅದು ಹೊಳೆಯಲ್ಲ, ಜಲಾಶಯ. ನೀರಿನ ನಡುವಿನ ಮರಗಳ ಮೇಲಿನ ಹಕ್ಕಿಗಳನ್ನು ದಂಡೆಯಿಂದಲೇ ನೋಡಬೇಕು. ಇಲ್ಲಿ ದುರ್ಬೀನು ಇಲ್ಲದಿದ್ದರೆ ಬರೀ ಬಿಳಿ ಚುಕ್ಕೆ. ಆದರೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದು. ಗದಗಿನವರು ಚಳಿಗಾಲದಲ್ಲಿ ಇದಕ್ಕೂ ಬರುವುದು ಬೇಡ, ಅವರ ಮಾಗಡಿ ಕೆರೆಗೇ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿರುತ್ತವೆ.